ಪ್ರಮಾಣದ ಬೆಲೆ ಅರಿತ ವಕೀಲ: ಡೇನಿಯಲ್ ಓಕಾನೆಲ್ ಮತ್ತು ಫ್ರೀಮೇಸನ್ ಸಂಘ



ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ನಮ್ಮ ಧರ್ಮಕೇಂದ್ರಗಳಲ್ಲಿ ಫ್ರೀಮೇಸನ್ ಎಂಬ ಹೆಸರು ಕಿವಿಗೆ ಬೀಳುವುದು ಅಪರೂಪ. ಆದರೆ ಇಲ್ಲಿಯ ಮಕ್ಕಳು ಇಂದು ಇಲ್ಲಿಯೇ ಉಳಿದಿಲ್ಲ. ಓದಲಿಕ್ಕೆ ಧಾರವಾಡ, ಬೆಳಗಾವಿ, ಬೆಂಗಳೂರಿಗೆ ಹೋಗುತ್ತಾರೆ. ಕೆಲಸ ಹುಡುಕಿಕೊಂಡು ಗೋವಾ, ಮುಂಬಯಿ, ಕೊಲ್ಲಿ ರಾಷ್ಟ್ರಗಳು, ಇಂಗ್ಲೆಂಡ್, ಐರ್ಲೆಂಡ್ ತನಕ ಹೋಗುತ್ತಾರೆ. ವಕೀಲರಾಗಿ, ವೈದ್ಯರಾಗಿ, ಅಧಿಕಾರಿಗಳಾಗಿ ಮೇಲೆ ಬಂದವರಿಗೆ ನಾನಾ ಸಂಘಗಳಿಂದ ಆಹ್ವಾನ ಬರುತ್ತದೆ. ಇನ್ನೊಂದು ಕಡೆ, ಮೊಬೈಲಿನಲ್ಲಿ ಹರಿದಾಡುವ ಸಂದೇಶಗಳು ಕಂಡಕಂಡವರನ್ನೆಲ್ಲ ಫ್ರೀಮೇಸನ್ನರು, ಸೈತಾನನ ಪೂಜಕರು ಎಂದು ಕರೆದು ಸಾಮಾನ್ಯ ವಿಶ್ವಾಸಿಗಳನ್ನು ಹೆದರಿಸುತ್ತವೆ.

ಈ ಎರಡರ ನಡುವೆ ಧರ್ಮಸಭೆ ನಿಜವಾಗಿ ಹೇಳುವುದೇನು? ಒಬ್ಬ ಕಥೋಲಿಕ ವಿಶ್ವಾಸಿ ಫ್ರೀಮೇಸನ್ ಆಗಬಹುದೇ? ಆಗಬಾರದೆಂದರೆ ಕಾರಣವೇನು? ಇದನ್ನು ಬರೀ ಕಾನೂನಿನ ಮಾತುಗಳಲ್ಲಿ ಹೇಳಿದರೆ ಮನಸ್ಸಿಗೆ ನಾಟುವುದಿಲ್ಲ. ಆದ್ದರಿಂದ ಒಬ್ಬ ವಕೀಲರ ಬಾಳಿನ ಮೂಲಕ ಅರಿಯಲು ಯತ್ನಿಸೋಣ. ಅವರು ಕಥೋಲಿಕರು, ತಮ್ಮ ಕಾಲದ ಹೆಸರಾಂತ ನ್ಯಾಯವಾದಿ, ಫ್ರೀಮೇಸನ್ ಸಂಘದ ಘಟಕವೊಂದರ ಮುಖ್ಯಸ್ಥರೂ ಆಗಿದ್ದವರು. ಮುಂದೆ ಧರ್ಮಸಭೆಯ ಬೋಧನೆ ತಿಳಿದು ಅದರಿಂದ ಹೊರಬಂದವರು. ಅವರೇ ಐರ್ಲೆಂಡಿನ ಡೇನಿಯಲ್ ಓಕಾನೆಲ್ (1775-1847). ಅವರು ಹುಟ್ಟಿ 250 ವರ್ಷ ತುಂಬಿದ್ದು 2025ರಲ್ಲಿ.

ಫ್ರೀಮೇಸನ್ ಸಂಘ ಎಂದರೇನು?

ಮೇಸನ್ ಎಂದರೆ ಕಲ್ಲು ಕೆಲಸದವನು. ಹಿಂದೆ ಯೂರೋಪಿನಲ್ಲಿ ದೊಡ್ಡ ದೊಡ್ಡ ದೇವಾಲಯಗಳನ್ನು ಕಟ್ಟುತ್ತಿದ್ದ ಮೇಸ್ತ್ರಿಗಳು ತಮ್ಮದೇ ಸಂಘಗಳನ್ನು ಮಾಡಿಕೊಂಡಿದ್ದರು. ಕಸುಬಿನ ಗುಟ್ಟುಗಳನ್ನು ಹೊರಗಿನವರಿಗೆ ಹೇಳಬಾರದೆಂಬ ಕಟ್ಟು ಅವರಲ್ಲಿತ್ತು. ಕಾಲಕ್ರಮದಲ್ಲಿ ಕಲ್ಲು ಮುಟ್ಟದ ಶ್ರೀಮಂತರು, ವಿದ್ವಾಂಸರು, ವಕೀಲರು ಇಂತಹ ಸಂಘಗಳಿಗೆ ಸೇರತೊಡಗಿದರು. 1717ರ ಜೂನ್ 24ರಂದು ಲಂಡನ್ನಿನಲ್ಲಿ ಕೆಲವು ಘಟಕಗಳು ಒಂದಾಗಿ ಮಹಾಮಂಡಳಿ ಕಟ್ಟಿಕೊಂಡವು. 1723ರಲ್ಲಿ ಜೇಮ್ಸ್ ಆಂಡರ್ಸನ್ ಎಂಬವರು ಸಿದ್ಧಪಡಿಸಿದ ನಿಯಮಗಳ ಪುಸ್ತಕ ಅಚ್ಚಾಯಿತು. ಇಂದಿನ ಫ್ರೀಮೇಸನ್ ಸಂಘದ ಆರಂಭ ಇದು.

ಇದರ ಒಂದೊಂದು ಘಟಕವನ್ನು ಲಾಡ್ಜ್ ಎನ್ನುತ್ತಾರೆ. ನಮ್ಮಲ್ಲಿ ಲಾಡ್ಜ್ ಎಂದರೆ ಬಾಡಿಗೆಗೆ ಕೋಣೆ ಸಿಗುವ ಜಾಗ. ಇಲ್ಲಿ ಅದರ ಅರ್ಥ ಸದಸ್ಯರ ಕೂಟ. ಇದರಲ್ಲಿ ಮುಖ್ಯವಾಗಿ ಮೂರು ಮೆಟ್ಟಿಲುಗಳಿವೆ: ಕಲಿಯುವವನು, ಜೊತೆಗಾರ ಕೆಲಸಗಾರ, ಮೇಸ್ತ್ರಿ. ಪ್ರತಿ ಮೆಟ್ಟಿಲಿಗೂ ಒಂದು ವಿಧಿ ಇದೆ, ಗುಟ್ಟು ಕಾಯುವೆನೆಂಬ ಗಂಭೀರವಾದ ಪ್ರಮಾಣವಿದೆ. ಒಬ್ಬ ಪರಮಶಕ್ತನನ್ನು ನಂಬಿದರೆ ಸಾಕು, ಆತ ಯಾವ ಧರ್ಮದವನಾದರೂ ಸದಸ್ಯನಾಗಬಹುದು. ದೇವರನ್ನು ಅವರು ವಿಶ್ವದ ಮಹಾಶಿಲ್ಪಿ ಎಂದು ಕರೆಯುತ್ತಾರೆ. ದಾನಧರ್ಮ, ಪರಸ್ಪರ ನೆರವು, ಸೋದರಭಾವ ಅವರ ಧ್ಯೇಯಗಳು.

ಮೇಲ್ನೋಟಕ್ಕೆ ಇದರಲ್ಲಿ ತಪ್ಪೇನು ಎಂದು ಯಾರಿಗಾದರೂ ಅನಿಸಬಹುದು. ತರುಣ ಓಕಾನೆಲ್ ಅವರಿಗೂ ಅದರಲ್ಲಿ ತಪ್ಪು ಕಂಡಿರಲಿಲ್ಲ.

ಕಾನೂನಿನ ಬೇಲಿಯೊಳಗೆ ಬೆಳೆದ ಹುಡುಗ

ಡೇನಿಯಲ್ ಓಕಾನೆಲ್ 1775ರ ಆಗಸ್ಟ್ 6ರಂದು ಐರ್ಲೆಂಡಿನ ಕೆರಿ ಪ್ರಾಂತ್ಯದ ಕಾಹಿರ್ಸಿವೀನ್ ಊರಿನ ಬಳಿ ಹುಟ್ಟಿದರು. ಮಕ್ಕಳಿಲ್ಲದ ದೊಡ್ಡಪ್ಪ ಮಾರಿಸ್ ಓಕಾನೆಲ್ ಅವರನ್ನು ಡೆರಿನೇನ್‌ನಲ್ಲಿದ್ದ ತಮ್ಮ ಮನೆಯಲ್ಲಿ ಇಟ್ಟುಕೊಂಡು ಬೆಳೆಸಿದರು.

ಆಗಿನ ಐರ್ಲೆಂಡಿನಲ್ಲಿ ಬಹುಸಂಖ್ಯಾತ ಜನ ಕಥೋಲಿಕರು, ಆಡಳಿತ ಮಾತ್ರ ಅವರ ಕೈಯಲ್ಲಿ ಇರಲಿಲ್ಲ. ಭೂಮಿ ಕೊಳ್ಳಲು, ಶಾಲೆ ನಡೆಸಲು, ಸರಕಾರಿ ಹುದ್ದೆ ಹಿಡಿಯಲು ಅವರಿಗೆ ಬಹುಕಾಲ ಕಾನೂನೇ ಅಡ್ಡಿಯಾಗಿತ್ತು. ಆ ಕಟ್ಟುಗಳು ಒಂದೊಂದಾಗಿ ಸಡಿಲವಾಗುತ್ತಿದ್ದ ಕಾಲದಲ್ಲಿ ಓಕಾನೆಲ್ ಬೆಳೆದರು. ಓದಿಗಾಗಿ ಅವರನ್ನು ಫ್ರಾನ್ಸಿಗೆ ಕಳಿಸಲಾಯಿತು. ಅಲ್ಲಿ ಸೇಂಟ್ ಓಮೆರ್ ಮತ್ತು ದುವೆ ಪಟ್ಟಣಗಳ ಕಥೋಲಿಕ ವಿದ್ಯಾಲಯಗಳಲ್ಲಿ ಕಲಿತರು. ಫ್ರೆಂಚ್ ಕ್ರಾಂತಿಯ ಹಿಂಸೆ ಜೋರಾದಾಗ, 1793ರ ಜನವರಿಯಲ್ಲಿ, ಅಲ್ಲಿಂದ ತಪ್ಪಿಸಿಕೊಂಡು ಬಂದರು. ರಕ್ತಪಾತದಿಂದ ನ್ಯಾಯ ಹುಟ್ಟದು ಎಂಬ ಅವರ ನಂಬಿಕೆಗೆ ಆ ಅನುಭವವೂ ಒಂದು ಕಾರಣ.

1792ರಲ್ಲಿ ಕಥೋಲಿಕರಿಗೆ ವಕೀಲಿ ವೃತ್ತಿಯ ಬಾಗಿಲು ತೆರೆದಿತ್ತು. ಓಕಾನೆಲ್ 1794ರಲ್ಲಿ ಲಂಡನ್ನಿನ ಲಿಂಕನ್ಸ್ ಇನ್ ಸೇರಿ ಕಾನೂನು ಓದಿದರು, 1798ರಲ್ಲಿ ಡಬ್ಲಿನ್ನಿನಲ್ಲಿ ವಕೀಲರಾದರು. ಆದರೆ ವಕೀಲಿ ಮಾಡಬಹುದಿತ್ತೇ ಹೊರತು, ಕಥೋಲಿಕರಾಗಿದ್ದುಕೊಂಡು ಹಿರಿಯ ರಾಜವಕೀಲ ಪದವಿಗೆ ಏರುವಂತಿರಲಿಲ್ಲ, ನ್ಯಾಯಾಧೀಶರಾಗುವಂತಿರಲಿಲ್ಲ, ಸಂಸತ್ತಿನಲ್ಲಿ ಕೂರುವಂತಿರಲಿಲ್ಲ. ತಮಗಿಂತ ಕಡಿಮೆ ಯೋಗ್ಯತೆಯವರು ಮುಂದಿನ ಸಾಲಿಗೆ ಹೋಗುವುದನ್ನು ಅವರು ವರ್ಷಗಟ್ಟಲೆ ನೋಡಬೇಕಾಯಿತು.

ಲಂಡನ್ನಿನಲ್ಲಿದ್ದಾಗ ಓದಿದ ಪುಸ್ತಕಗಳ ಪ್ರಭಾವದಿಂದ ತರುಣ ಓಕಾನೆಲ್ ಅವರ ವಿಶ್ವಾಸ ಅಲುಗಾಡಿತ್ತು. ದೇವರಿದ್ದಾನೆ, ಆದರೆ ಧರ್ಮಸಭೆ, ಸಂಸ್ಕಾರಗಳು ಬೇಕಿಲ್ಲ ಎಂಬ ವಿಚಾರದ ಕಡೆಗೆ ಕೆಲಕಾಲ ವಾಲಿದ್ದರು. ದೊಡ್ಡ ನಗರಕ್ಕೆ ಓದಲು ಹೋದ ಎಷ್ಟೋ ಮಕ್ಕಳ ಕಥೆ ಇದೇ ಅಲ್ಲವೇ?

ಲಾಡ್ಜಿನ ಒಳಗೆ, ಲಾಡ್ಜಿನಿಂದ ಹೊರಗೆ

1799ರಲ್ಲಿ ಓಕಾನೆಲ್ ಡಬ್ಲಿನ್ನಿನ 189ನೇ ಸಂಖ್ಯೆಯ ಲಾಡ್ಜಿಗೆ ಸೇರಿದರು. ಮರುವರ್ಷವೇ ಅದರ ಮುಖ್ಯಸ್ಥರಾದರು. ಟ್ರಲೀ ಎಂಬ ಊರಿನ ಲಾಡ್ಜಿನ ಸ್ಥಾಪಕ ಸದಸ್ಯರಲ್ಲೂ ಅವರೊಬ್ಬರು. ಹೆಸರಿಗಷ್ಟೇ ಸದಸ್ಯರಾಗಿರದೆ ಸಂಘದಲ್ಲಿ ಸಕ್ರಿಯರಾಗಿದ್ದರು.

ಕಥೋಲಿಕರು ಹೀಗೆ ಸೇರಿದ್ದು ಹೇಗೆ? ಜಗದ್ಗುರು ಹನ್ನೆರಡನೆಯ ಕ್ಲೆಮೆಂಟ್ 1738ರಲ್ಲಿಯೇ ಫ್ರೀಮೇಸನ್ ಸಂಘವನ್ನು ನಿಷೇಧಿಸಿದ್ದರು. ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟ್ 1751ರಲ್ಲಿ ಆ ನಿಷೇಧವನ್ನು ಖಚಿತಪಡಿಸಿದ್ದರು. ಆದರೆ ಧರ್ಮಸಭೆಯೇ ಕಟ್ಟುಪಾಡಿನಲ್ಲಿ ಬದುಕುತ್ತಿದ್ದ ಐರ್ಲೆಂಡಿನಲ್ಲಿ ಈ ಆಜ್ಞೆಗಳು ಜನರಿಗೆ ತಲುಪಿರಲಿಲ್ಲ, ಯಾರೂ ಗಮನ ಕೊಟ್ಟಿರಲಿಲ್ಲ. ಮೇಲಾಗಿ ಕಥೋಲಿಕರೂ ಪ್ರೊಟೆಸ್ಟಂಟರೂ ಒಂದೇ ಕೋಣೆಯಲ್ಲಿ ಸರಿಸಮಾನರಾಗಿ ಕೂರಬಹುದಾದ ಜಾಗಗಳು ಆ ದೇಶದಲ್ಲಿ ಬಹಳ ಇರಲಿಲ್ಲ. ಲಾಡ್ಜ್ ಅಂಥ ಒಂದು ಜಾಗವಾಗಿತ್ತು.

ಮುಂದೆ ಧರ್ಮಸಭೆಯ ನಿಷೇಧದ ವಿಷಯ ತಿಳಿದಾಗ ಓಕಾನೆಲ್ ಸಂಘವನ್ನು ತ್ಯಜಿಸಿದರು. ಬೇಕಿದ್ದರೆ ಇದನ್ನು ಎಲ್ಲರೆದುರು ಪ್ರಕಟಿಸುತ್ತೇನೆ ಎಂದು ಡಬ್ಲಿನ್ನಿನ ಮಹಾಧರ್ಮಾಧ್ಯಕ್ಷ ಜಾನ್ ಥಾಮಸ್ ಟ್ರಾಯ್ ಅವರಿಗೆ ತಿಳಿಸಿದರು. ಮಹಾಧರ್ಮಾಧ್ಯಕ್ಷರು ಅದರ ಅಗತ್ಯವಿಲ್ಲ ಎಂದರು. ಟ್ರಾಯ್ ಅವರು ದೈವಾಧೀನರಾದದ್ದು 1823ರಲ್ಲಿ. ಆದ್ದರಿಂದ ಈ ತ್ಯಾಗ ಅದಕ್ಕೂ ಹಿಂದಿನದು.

1837ರಲ್ಲಿ ಓಕಾನೆಲ್ ದೇಶಕ್ಕೇ ನಾಯಕರಾಗಿದ್ದಾಗ, ಅವರು ಫ್ರೀಮೇಸನ್ ಎಂಬ ಮಾತು ಮತ್ತೆ ಎದ್ದಿತು. ಆಗ ಅವರು ಡಬ್ಲಿನ್ನಿನ ಪತ್ರಿಕೆಯೊಂದಕ್ಕೆ ಪತ್ರ ಬರೆದು ಎಲ್ಲವನ್ನೂ ಬಹಿರಂಗವಾಗಿ ಹೇಳಿಬಿಟ್ಟರು. ಹೌದು, ತಾನು ಸದಸ್ಯನಾಗಿದ್ದೆ, ಮುಖ್ಯಸ್ಥನೂ ಆಗಿದ್ದೆ. ಧರ್ಮಸಭೆಯ ನಿಷೇಧ ಐರ್ಲೆಂಡಿನಲ್ಲಿ ತಿಳಿಯುವ ಮೊದಲು, ಚಿಕ್ಕ ವಯಸ್ಸಿನಲ್ಲಿ ಹಾಗಾಯಿತು. ಹಲವು ವರ್ಷಗಳ ಹಿಂದೆಯೇ ಬಿಟ್ಟಿದ್ದೇನೆ ಎಂದರು.

ಆ ಪತ್ರದಲ್ಲಿ ಎರಡು ಅಂಶಗಳು ಗಮನಾರ್ಹ. ಒಂದು, ಅವರು ಹಳೆಯ ಸಂಗಾತಿಗಳ ಮೇಲೆ ಕೆಸರೆರಚಲಿಲ್ಲ. ಕುಡಿತಕ್ಕೆ ಎಡೆಮಾಡಿಕೊಡಬಹುದು ಎಂಬುದನ್ನು ಬಿಟ್ಟರೆ, ತಮ್ಮ ನಾಡಿನ ಲಾಡ್ಜುಗಳಲ್ಲಿ ಕೆಟ್ಟ ಉದ್ದೇಶ ಕಾಣಲಿಲ್ಲ ಎಂದು ಪ್ರಾಮಾಣಿಕವಾಗಿ ಬರೆದರು. ಎರಡು, ತಮ್ಮ ಮುಖ್ಯ ಆಕ್ಷೇಪ ಯಾವುದು ಎಂಬುದನ್ನು ವಕೀಲರ ಹಾಗೆಯೇ ಖಚಿತವಾಗಿ ಹೇಳಿದರು: ತಕ್ಕ ಕಾರಣವಿಲ್ಲದೆ ಮತ್ತೆ ಮತ್ತೆ ಪ್ರಮಾಣ ಮಾಡುತ್ತ ದೇವರ ಪವಿತ್ರ ನಾಮವನ್ನು ವ್ಯರ್ಥವಾಗಿ ಬಳಸುವುದು. ಒಬ್ಬ ಕ್ರೈಸ್ತನಿಗೆ ಈ ಒಂದು ಕಾರಣವೇ ಸಾಕು ಎಂಬುದು ಅವರ ನಿಲುವು.

ಪ್ರಮಾಣ ಎಂದರೆ ದೇವರನ್ನು ಸಾಕ್ಷಿಗೆ ಕರೆಯುವುದು

ನ್ಯಾಯಾಲಯದ ಮೆಟ್ಟಿಲು ಹತ್ತಿದವರಿಗೆ ಪ್ರಮಾಣ ಹೊಸದಲ್ಲ. ಜಮೀನಿನ ವ್ಯಾಜ್ಯವಾಗಲಿ, ಅರಣ್ಯ ಇಲಾಖೆಯ ಪ್ರಕರಣವಾಗಲಿ, ಸಾಕ್ಷಿ ಹೇಳುವವನು ಮೊದಲು ಸತ್ಯವನ್ನೇ ಹೇಳುತ್ತೇನೆಂದು ಪ್ರಮಾಣ ಮಾಡಬೇಕು. ಹಾಗಾದರೆ ಅದೂ ತಪ್ಪೇ?

ಅಲ್ಲ. ಪರ್ವತ ಪ್ರಬೋಧನೆಯಲ್ಲಿ ಪ್ರಭು ಯೇಸು ಆಣೆಯಿಡುವ ಚಟವನ್ನು ಖಂಡಿಸಿ, ನಮ್ಮ ಸಾದಾ ಮಾತೇ ನಂಬಿಕೆಗೆ ಯೋಗ್ಯವಾಗಿರಬೇಕು ಎಂದು ಕಲಿಸಿದರು. ಗಂಭೀರವಾದ, ನ್ಯಾಯವಾದ ಕಾರಣಕ್ಕೆ, ಉದಾಹರಣೆಗೆ ನ್ಯಾಯಾಲಯದಲ್ಲಿ, ಮಾಡುವ ಪ್ರಮಾಣವನ್ನು ಧರ್ಮಸಭೆ ಒಪ್ಪುತ್ತದೆ. ಸತ್ಯ, ವಿವೇಕ, ನ್ಯಾಯ ಈ ಮೂರೂ ಇದ್ದಾಗ ಮಾತ್ರ ಪ್ರಮಾಣ ಮಾಡಬಹುದು ಎಂದು ಧರ್ಮಸಭೆಯ ಕಾನೂನು ಸಂಹಿತೆಯ 1199ನೇ ವಿಧಿ ಹೇಳುತ್ತದೆ.

ಲಾಡ್ಜಿನ ಪ್ರಮಾಣ ಬೇರೆ. ಒಳಗೆ ಹೋಗುವವನಿಗೆ ಮುಂದಿನ ಮೆಟ್ಟಿಲಲ್ಲಿ ಏನಿದೆ ಎಂಬುದು ಗೊತ್ತಿರುವುದಿಲ್ಲ. ಗೊತ್ತಿಲ್ಲದ್ದನ್ನು ಕಾಪಾಡುತ್ತೇನೆಂದು ಅವನು ದೇವರ ಹೆಸರಿನಲ್ಲಿ ಕಟ್ಟುಬೀಳುತ್ತಾನೆ. ಓದಿ ನೋಡದ ಕಾಗದಕ್ಕೆ ಸಹಿ ಹಾಕಬೇಡ ಎಂದು ಯಾವ ವಕೀಲರೂ ತಮ್ಮ ಕಕ್ಷಿದಾರನಿಗೆ ಹೇಳುತ್ತಾರೆ. ಸಾಲದ ಕಾಗದಕ್ಕೆ ಇಷ್ಟು ಎಚ್ಚರ ಬೇಕಾದರೆ, ದೇವರನ್ನು ಸಾಕ್ಷಿಯಾಗಿ ಕರೆದು ಆಡುವ ಮಾತಿಗೆ ಎಷ್ಟು ಎಚ್ಚರ ಬೇಕು!

ದ್ವಂದ್ವಯುದ್ಧದ ಪಶ್ಚಾತ್ತಾಪ

ಓಕಾನೆಲ್ ಅವರನ್ನು ಸಂತರಂತೆ ಚಿತ್ರಿಸುವ ಅಗತ್ಯವಿಲ್ಲ. ಅವರ ನಾಲಿಗೆ ಹರಿತ, ಸಿಟ್ಟು ಬೇಗ. 1815ರಲ್ಲಿ ಡಬ್ಲಿನ್ ನಗರಸಭೆಯನ್ನು ಹೀಯಾಳಿಸಿ ಆಡಿದ ಮಾತಿಗಾಗಿ ಅದರ ಸದಸ್ಯ ಜಾನ್ ಡೆಸ್ಟೆರ್ ಎಂಬವರು ಅವರನ್ನು ದ್ವಂದ್ವಯುದ್ಧಕ್ಕೆ ಕರೆದರು. ಓಕಾನೆಲ್ ಹಾರಿಸಿದ ಗುಂಡು ತಗಲಿ ಡೆಸ್ಟೆರ್ ಸತ್ತರು. ಗೆದ್ದೆನೆಂದು ಓಕಾನೆಲ್ ಬೀಗಲಿಲ್ಲ. ಈ ಪಾಪದ ಭಾರ ಅವರನ್ನು ಕೊನೆಯ ತನಕ ಬಿಡಲಿಲ್ಲ. ತಮ್ಮ ಆದಾಯದಲ್ಲಿ ಪಾಲು ಕೊಡಲು ಮುಂದೆ ಬಂದಾಗ ಮೃತರ ಪತ್ನಿ ಒಪ್ಪಲಿಲ್ಲ. ಮಗಳಿಗಾಗಿ ಕೊಡುವ ವಾರ್ಷಿಕ ಮೊತ್ತವನ್ನು ಸ್ವೀಕರಿಸಿದರು. ಅದನ್ನು ಓಕಾನೆಲ್ ಬದುಕಿರುವವರೆಗೂ ಕೊಡುತ್ತಾ ಬಂದರು.

ತಾರುಣ್ಯದಲ್ಲಿ ಸಂಸ್ಕಾರಗಳಿಂದ ದೂರವಾಗಿದ್ದ ಈ ವ್ಯಕ್ತಿ ನಡುವಯಸ್ಸಿನಲ್ಲಿ ಬಲಿಪೂಜೆ, ಪರಮಪ್ರಸಾದ, ಜಪ, ಉಪವಾಸಗಳ ಕಟ್ಟುನಿಟ್ಟಿನ ಬಾಳಿಗೆ ಮರಳಿದರು. ಲಾಡ್ಜನ್ನು ಬಿಟ್ಟದ್ದೂ ಈ ಮರಳುವಿಕೆಯ ಒಂದು ಭಾಗ. ಅಂಜಿಕೆಯಿಂದ ಬಿಟ್ಟದ್ದಲ್ಲ, ಅಂತಃಸಾಕ್ಷಿಯಿಂದ ಬಿಟ್ಟದ್ದು.

ದೇವಾಲಯದ ಬಾಗಿಲಲ್ಲಿ ಕೂಡಿದ ಕಾಸು

ಗುಟ್ಟಿನ ಸಂಘ ಬಿಟ್ಟ ವಕೀಲರು ಬಯಲಿನಲ್ಲಿ ಒಂದು ಸಂಘ ಕಟ್ಟಿದರು. 1823ರಲ್ಲಿ ಶುರುವಾದ ಕಥೋಲಿಕ ಸಂಘಕ್ಕೆ ಮೊದಲು ಸೇರಿದವರು ಅನುಕೂಲಸ್ಥರೇ. 1824ರಲ್ಲಿ ಓಕಾನೆಲ್ ಒಂದು ಸರಳ ಉಪಾಯ ಮಾಡಿದರು. ತಿಂಗಳಿಗೆ ಒಂದು ಪೆನ್ನಿ ಕೊಟ್ಟವರೆಲ್ಲ ಸಂಘದವರು. ಅದು ಬಡ ಒಕ್ಕಲಿಗನೂ ಕೊಡಬಹುದಾದ ಕಾಸು. ಭಾನುವಾರ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಬಾಗಿಲಲ್ಲಿ ಈ ಕಾಸು ಸಂಗ್ರಹವಾಗುತ್ತಿತ್ತು. ಗುರುಗಳು, ಊರಿನ ಕಾರ್ಯಕರ್ತರು ಲೆಕ್ಕ ಇಡುತ್ತಿದ್ದರು. ಅಕ್ಷರ ಬಾರದ ರೈತನೂ ಕಾಸು ಕೊಟ್ಟು ದೇಶದ ಚಳವಳಿಗೆ ಸೇರಿದ.

1828ರಲ್ಲಿ ಕ್ಲೇರ್ ಕ್ಷೇತ್ರದ ಉಪಚುನಾವಣೆಯಲ್ಲಿ ಓಕಾನೆಲ್ ಸ್ವತಃ ನಿಂತರು. ಕಥೋಲಿಕರು ಚುನಾವಣೆಗೆ ನಿಲ್ಲಬಾರದೆಂದು ಕಾನೂನು ಹೇಳಿರಲಿಲ್ಲ, ಆದರೆ ಗೆದ್ದವರು ಮಾಡಬೇಕಾದ ಪ್ರಮಾಣ ಅವರನ್ನು ತಡೆಯುತ್ತಿತ್ತು. ಓಕಾನೆಲ್ ಅವರಿಗೆ 2,057 ಮತಗಳು ಬಂದವು, ಎದುರಾಳಿಗೆ 982. ಜಮೀನ್ದಾರರ ಕಣ್ಣೆದುರೇ ಒಕ್ಕಲು ಜನ ಬಹಿರಂಗವಾಗಿ ಮತ ಕೊಟ್ಟರು. ಸರಕಾರ ಮಣಿಯಲೇಬೇಕಾಯಿತು. 1829ರ ಏಪ್ರಿಲ್ 13ರಂದು ಕಥೋಲಿಕ ವಿಮೋಚನಾ ಕಾಯಿದೆಗೆ ಅರಸರ ಅಂಕಿತ ಬಿತ್ತು.

ಆದರೆ ಈ ಕಾಯಿದೆ ಮುಂದೆ ಆರಿಸಿ ಬರುವವರಿಗೆ ಮಾತ್ರ ಅನ್ವಯ ಎಂದು ಅದರಲ್ಲಿ ಬರೆದಿತ್ತು. 1829ರ ಮೇ ತಿಂಗಳಲ್ಲಿ ಓಕಾನೆಲ್ ಸಂಸತ್ತಿಗೆ ಹೋದಾಗ ಹಳೆಯ ಪ್ರಮಾಣಪತ್ರವನ್ನೇ ಅವರ ಕೈಗೆ ಕೊಟ್ಟರು. ಅವರು ಅದನ್ನು ಓದಿ ನೋಡಿದರು. ಇದರಲ್ಲಿ ಒಂದು ಮಾತು ಸುಳ್ಳೆಂದು ನನಗೆ ಗೊತ್ತು, ಇನ್ನೊಂದು ಮಾತು ನಿಜವಲ್ಲವೆಂದು ನಂಬುತ್ತೇನೆ, ಆದ್ದರಿಂದ ಈ ಪ್ರಮಾಣ ಮಾಡಲಾರೆ ಎಂಬ ಅರ್ಥದ ಉತ್ತರ ಕೊಟ್ಟು ಹಿಂದೆ ಸರಿದರು. ಅವರ ಸ್ಥಾನ ಖಾಲಿ ಎಂದು ಘೋಷಿಸಲಾಯಿತು. ಜುಲೈ ತಿಂಗಳಲ್ಲಿ ಕ್ಲೇರಿನ ಜನ ಅವರನ್ನು ಅವಿರೋಧವಾಗಿ ಮತ್ತೆ ಆರಿಸಿದರು. 1830ರಲ್ಲಿ ಅವರು ಸಂಸತ್ತಿನೊಳಗೆ ಹೋಗಿ ಕುಳಿತರು.

ಲಾಡ್ಜನ್ನು ಬಿಟ್ಟ ಮನುಷ್ಯ, ಸಂಸತ್ತಿನ ಬಾಗಿಲಲ್ಲಿ ನಿಂತು ಪ್ರಮಾಣ ನಿರಾಕರಿಸಿದ ಮನುಷ್ಯ ಒಬ್ಬರೇ. ದೇವರ ಹೆಸರಿನಲ್ಲಿ ಆಡುವ ಮಾತು ಆಟವಲ್ಲ ಎಂದು ಅರಿತವರು ಅವರು. ಮುನ್ನೂರು ವರ್ಷ ಹಿಂದೆ, 1535ರಲ್ಲಿ, ಇಂಥದೇ ಒಂದು ಪ್ರಮಾಣವನ್ನು ಒಪ್ಪದೆ ಪ್ರಾಣ ಕೊಟ್ಟ ಸಂತ ಥಾಮಸ್ ಮೋರ್ ಕೂಡ ವಕೀಲರೇ ಎಂಬುದನ್ನು ಇಲ್ಲಿ ನೆನೆಯಬಹುದು.

ಈ ಗೆಲುವಿಗೆ ಬೆಲೆಯೂ ಇತ್ತು. ಅದೇ ವರ್ಷ ಮತದಾನಕ್ಕೆ ಬೇಕಾದ ಆಸ್ತಿಯ ಮಿತಿಯನ್ನು 40 ಷಿಲಿಂಗಿನಿಂದ 10 ಪೌಂಡಿಗೆ, ಎಂದರೆ ಐದು ಪಟ್ಟು, ಏರಿಸಲಾಯಿತು. ಅವರನ್ನು ಗೆಲ್ಲಿಸಿದ ಬಡ ರೈತರೇ ಮತದ ಹಕ್ಕು ಕಳೆದುಕೊಂಡರು.

ಸಿದ್ದಿ ಬಂಧುಗಳು ತಿಳಿಯಬೇಕಾದ ಹೆಸರು

ಹಳಿಯಾಳ, ಜೋಯಿಡಾ, ಮುಂಡಗೋಡ ಭಾಗದ ಓದುಗರಿಗೆ ಓಕಾನೆಲ್ ಅವರ ಬದುಕಿನ ಇನ್ನೊಂದು ಮುಖ ಹತ್ತಿರದ್ದು. ಅವರು ಗುಲಾಮಗಿರಿಯ ಕಡು ವಿರೋಧಿ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ಕೊನೆಗಾಣಿಸಲು 1833ರಲ್ಲಿ ಬಂದ ಕಾಯಿದೆಗಾಗಿ ಸಂಸತ್ತಿನಲ್ಲಿ ಹೋರಾಡಿದವರಲ್ಲಿ ಅವರೂ ಇದ್ದರು. ಅಮೆರಿಕದ ಗುಲಾಮರ ಒಡೆಯರನ್ನು ಬಹಿರಂಗವಾಗಿ ಖಂಡಿಸಿದ್ದರಿಂದ ಆ ದೇಶದ ಅನೇಕ ಬೆಂಬಲಿಗರನ್ನು ಕಳೆದುಕೊಂಡರು, ಆದರೂ ಮಾತು ಬದಲಿಸಲಿಲ್ಲ. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡರಿಕ್ ಡಗ್ಲಸ್ 1845ರಲ್ಲಿ ಡಬ್ಲಿನ್ನಿನಲ್ಲಿ ಅವರ ಭಾಷಣ ಕೇಳಿ ಮೆಚ್ಚಿದರು. ಜಗದ್ಗುರು ಹದಿನಾರನೆಯ ಗ್ರೆಗೊರಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಪತ್ರ ಹೊರಡಿಸಿದ್ದು ಕೂಡ ಅದೇ ಕಾಲದಲ್ಲಿ, 1839ರ ಡಿಸೆಂಬರಿನಲ್ಲಿ.

ನಮ್ಮ ಸಿದ್ದಿ ಬಂಧುಗಳ ಪೂರ್ವಿಕರು ಆಫ್ರಿಕದಿಂದ ಬಂದವರು. ಅವರಲ್ಲಿ ಅನೇಕರು ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ತರಲ್ಪಟ್ಟು, ಅಲ್ಲಿಂದ ಘಟ್ಟ ಹತ್ತಿ ಈ ಕಾಡುಗಳಲ್ಲಿ ನೆಲೆ ಕಂಡರು. ಅವರನ್ನು ಕೊಂಡು ಮಾರಿದವರಲ್ಲಿ ಕ್ರೈಸ್ತರೂ ಇದ್ದರು ಎಂಬ ಕಹಿಸತ್ಯವನ್ನು ಮುಚ್ಚಿಡುವಂತಿಲ್ಲ. 1833ರ ಕಾಯಿದೆಯಿಂದ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಗಳನ್ನು ಹೊರಗಿಡಲಾಗಿತ್ತು. ಕಂಪನಿಯ ಆಡಳಿತದ ಭಾರತಕ್ಕೆ ಗುಲಾಮಗಿರಿ ವಿರುದ್ಧದ ಕಾಯಿದೆ ಬಂದದ್ದು 1843ರಲ್ಲಿ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಕಾನೂನಿನಲ್ಲಿ ಒಂದು ಸಾಲು ಬದಲಾಗಲು ಎಷ್ಟು ತಲೆಮಾರು ಬೇಕಾಗುತ್ತದೆ ನೋಡಿ! ಅದಕ್ಕಾಗಿಯೇ ನಮ್ಮ ಸಮುದಾಯಗಳಿಂದ ವಕೀಲರು ಬರಬೇಕು, ಬಂದವರು ಸ್ವತಂತ್ರ ಮನಸ್ಸಿನವರಾಗಿರಬೇಕು.

ಸೋದರಭಾವದ ಪ್ರಮಾಣ ಮಾಡುವ ಲಾಡ್ಜುಗಳು ತಮ್ಮ ಸದಸ್ಯರನ್ನು ಆರಿಸಿಕೊಳ್ಳುತ್ತವೆ. ದೀಕ್ಷಾಸ್ನಾನ ಕೊಡುವ ಸೋದರಭಾವದಲ್ಲಿ ಆಯ್ಕೆ ಇಲ್ಲ. ಕಾಗದದ ಕಾರ್ಖಾನೆಯ ಅಧಿಕಾರಿಯೂ, ಕಾಡಿನಲ್ಲಿ ಜೇನು ಬಿಡಿಸುವವನೂ ಒಂದೇ ಪೀಠದ ಮುಂದೆ ಪರಮಪ್ರಸಾದಕ್ಕೆ ನಿಲ್ಲುತ್ತಾರೆ. ಇದನ್ನು ನಾವು ಮಾತಿನಲ್ಲಿ ಹೇಳಿದರೆ ಸಾಲದು, ನಡೆದು ತೋರಿಸಬೇಕು.

ಭಾರತದಲ್ಲಿ ಫ್ರೀಮೇಸನ್ ವಕೀಲರು

ಭಾರತಕ್ಕೆ ಈ ಸಂಘ ಬ್ರಿಟಿಷರ ಜೊತೆ ಬಂತು. ಕಲ್ಕತ್ತೆಯಲ್ಲಿ 1730ರ ಸುಮಾರಿಗೆ ಮೊದಲ ಲಾಡ್ಜ್ ಹುಟ್ಟಿತು. ಮೊದಮೊದಲು ಭಾರತೀಯರಿಗೆ ಪ್ರವೇಶ ಸುಲಭವಿರಲಿಲ್ಲ. 1843ರಲ್ಲಿ ಮುಂಬಯಿಯಲ್ಲಿ ಭಾರತೀಯರಿಗಾಗಿಯೇ ಒಂದು ಲಾಡ್ಜ್ ಆರಂಭವಾಯಿತು. ಆ ಮೇಲೆ ಹೆಸರಾಂತ ವಕೀಲರು ಸೇರಿದರು. ಮುಂಬಯಿಯ ಸರ್ ಫಿರೋಜ್‌ಶಾ ಮೆಹ್ತಾ ಮತ್ತು ಅಲಹಾಬಾದಿನ ಮೋತಿಲಾಲ್ ನೆಹರು ಫ್ರೀಮೇಸನ್ ಆಗಿದ್ದವರು. ಇಬ್ಬರೂ ಕಾಂಗ್ರೆಸ್ಸಿನ ಅಧ್ಯಕ್ಷರಾದವರು. ಮೆಹ್ತಾ ಅವರ ಕಾಲದಲ್ಲಿ ನಮ್ಮ ಜಿಲ್ಲೆಯೂ ಮುಂಬಯಿ ಪ್ರಾಂತ್ಯಕ್ಕೇ ಸೇರಿತ್ತು. 1961ರ ನವೆಂಬರ್ 24ರಂದು ಭಾರತದ ಸ್ವತಂತ್ರ ಮಹಾಮಂಡಳಿ ದೆಹಲಿಯಲ್ಲಿ ಸ್ಥಾಪನೆಯಾಯಿತು. ಬೆಂಗಳೂರು ಮೊದಲಾದ ನಗರಗಳಲ್ಲಿ ಲಾಡ್ಜುಗಳಿವೆ. ಇದು ಕಾನೂನುಬದ್ಧ ಸಂಘ.

ಇಂಥವರು ದೇಶಕ್ಕೆ ಮಾಡಿದ ಸೇವೆಯನ್ನು ನಾವು ಗೌರವದಿಂದ ನೆನೆಯುತ್ತೇವೆ. ಅವರು ಕಥೋಲಿಕರಲ್ಲ, ನಮ್ಮ ಧರ್ಮಸಭೆಯ ನಿಯಮ ಅವರನ್ನು ಕಟ್ಟುವುದೂ ಇಲ್ಲ. ಕಥೋಲಿಕ ವಿಶ್ವಾಸಿಯ ಪ್ರಶ್ನೆ ಬೇರೆ.

ಈ ವ್ಯತ್ಯಾಸಕ್ಕೆ ಭಾರತದ ಚರಿತ್ರೆಯಲ್ಲೇ ಒಂದು ಉದಾಹರಣೆ ಇದೆ. ಲಾರ್ಡ್ ರಿಪ್ಪನ್ 1870ರಿಂದ ಇಂಗ್ಲೆಂಡಿನ ಫ್ರೀಮೇಸನ್ನರ ಮಹಾಮಂಡಳಿಯ ಅತ್ಯುನ್ನತ ಪದವಿಯಲ್ಲಿದ್ದರು. 1874ರಲ್ಲಿ ಅವರು ಕಥೋಲಿಕ ವಿಶ್ವಾಸವನ್ನು ಸ್ವೀಕರಿಸಲು ತೀರ್ಮಾನಿಸಿದಾಗ ಆ ಪದವಿಗೆ ರಾಜೀನಾಮೆ ಕೊಟ್ಟರು. ರಾಜಕೀಯ ಬದುಕು ಮುಗಿಯಿತೆಂದು ಹಲವರು ಎಣಿಸಿದರು. ಆದರೆ 1880ರಲ್ಲಿ ಅವರು ಭಾರತದ ವೈಸರಾಯ್ ಆಗಿ ಬಂದರು. ಶಾಲೆಯ ಪುಸ್ತಕಗಳಲ್ಲಿ ನಮ್ಮ ಮಕ್ಕಳು ಸ್ಥಳೀಯ ಸ್ವರಾಜ್ಯದ ಪಿತಾಮಹ ಎಂದು ಓದುವುದು ಇದೇ ರಿಪ್ಪನ್ ಅವರ ಕುರಿತು.

ಧರ್ಮಸಭೆ ಇಂದು ಹೇಳುವುದೇನು?

1. 1917ರ ಧರ್ಮಸಭೆಯ ಕಾನೂನು ಸಂಹಿತೆ ಫ್ರೀಮೇಸನ್ ಸಂಘವನ್ನು ಹೆಸರಿಸಿ, ಸೇರಿದ ಕಥೋಲಿಕರಿಗೆ ಬಹಿಷ್ಕಾರದ ಶಿಕ್ಷೆ ವಿಧಿಸಿತ್ತು.

2. 1983ರ ಹೊಸ ಸಂಹಿತೆಯ 1374ನೇ ವಿಧಿಯಲ್ಲಿ ಆ ಹೆಸರಿಲ್ಲ. ಧರ್ಮಸಭೆಯ ವಿರುದ್ಧ ಸಂಚು ಮಾಡುವ ಸಂಘಗಳಿಗೆ ಸೇರುವವರಿಗೆ ನ್ಯಾಯೋಚಿತ ಶಿಕ್ಷೆ ಎಂದಷ್ಟೇ ಇದೆ. ಇದನ್ನು ನೋಡಿ, ನಿಷೇಧವೇ ಹೋಯಿತೆಂದು ಹಲವರು ತಿಳಿದರು.

3. ಆ ತಪ್ಪು ತಿಳುವಳಿಕೆಯನ್ನು ಹೋಗಲಾಡಿಸಲು 1983ರ ನವೆಂಬರ್ 26ರಂದು ವಿಶ್ವಾಸ ಸಿದ್ಧಾಂತದ ಪವಿತ್ರ ಪರಿಷತ್ತು ಒಂದು ಪ್ರಕಟಣೆ ಹೊರಡಿಸಿತು. ಸಹಿ ಹಾಕಿದವರು ಆಗಿನ ಕಾರ್ಡಿನಲ್ ಜೋಸೆಫ್ ರಾಟ್ಸಿಂಗರ್, ಅನುಮೋದಿಸಿದವರು ಜಗದ್ಗುರು ಎರಡನೆಯ ಜಾನ್ ಪಾಲ್. ಧರ್ಮಸಭೆಯ ನಿಲುವು ಬದಲಾಗಿಲ್ಲ, ಸೇರಿದ ವಿಶ್ವಾಸಿಗಳು ಗಂಭೀರ ಪಾಪದ ಸ್ಥಿತಿಯಲ್ಲಿದ್ದಾರೆ, ಅವರು ಪರಮಪ್ರಸಾದ ಸ್ವೀಕರಿಸುವಂತಿಲ್ಲ ಎಂದು ಅದು ಸ್ಪಷ್ಟಪಡಿಸಿತು. ಇದಕ್ಕೆ ವಿನಾಯಿತಿ ಕೊಡುವ ಅಧಿಕಾರ ಸ್ಥಳೀಯ ಧರ್ಮಾಧಿಕಾರಿಗಳಿಗೆ ಇಲ್ಲ ಎಂದೂ ಹೇಳಿತು.

4. ಫಿಲಿಪ್ಪೀನ್ಸ್ ದೇಶದ ಒಬ್ಬ ಧರ್ಮಾಧ್ಯಕ್ಷರು ತಮ್ಮಲ್ಲಿ ಲಾಡ್ಜ್ ಸೇರುವ ಕಥೋಲಿಕರು ಹೆಚ್ಚುತ್ತಿರುವ ಬಗ್ಗೆ ಕೇಳಿದಾಗ, 2023ರ ನವೆಂಬರಿನಲ್ಲಿ ವ್ಯಾಟಿಕನ್ ಅದೇ ನಿಲುವನ್ನು ಪುನಃ ಹೇಳಿತು. ಜಗದ್ಗುರು ಫ್ರಾನ್ಸಿಸ್ ಅದಕ್ಕೆ ಒಪ್ಪಿಗೆ ನೀಡಿದ್ದರು. ಎಲ್ಲ ಧರ್ಮಕೇಂದ್ರಗಳಲ್ಲಿ ಜನರಿಗೆ ಇದನ್ನು ತಿಳಿಸಿ ಹೇಳಬೇಕು ಎಂಬ ಸಲಹೆಯೂ ಅದರಲ್ಲಿತ್ತು.

ಕಾರಣ ಒಂದೇ ಮಾತಿನಲ್ಲಿ ಹೇಳುವುದಾದರೆ, ಎಲ್ಲ ಧರ್ಮಗಳೂ ಆ ಒಂದು ಸತ್ಯದ ಅರೆಬರೆ ಅಭಿಪ್ರಾಯಗಳು ಎಂಬ ನೆಲೆಯ ಮೇಲೆ ಲಾಡ್ಜಿನ ವಿಧಿಗಳು ನಿಂತಿವೆ. ಯೇಸುಕ್ರಿಸ್ತರಲ್ಲಿ ದೇವರು ತಮ್ಮನ್ನೇ ಪ್ರಕಟಪಡಿಸಿಕೊಂಡರು ಎಂಬುದು ನಮ್ಮ ವಿಶ್ವಾಸ. ವಾರದಲ್ಲಿ ಒಂದು ದಿನ ಒಂದು ನೆಲೆ, ಇನ್ನೊಂದು ದಿನ ಇನ್ನೊಂದು ನೆಲೆ ಎಂದು ಮನಸ್ಸನ್ನು ಸೀಳಿಕೊಂಡು ಬಾಳಲಾಗದು. ಇತರ ಧರ್ಮದವರೊಡನೆ ಸ್ನೇಹ, ಸಹಬಾಳ್ವೆ, ಸೇವೆ ಇವೆಲ್ಲ ಬೇಕು. ಮುಂಡಗೋಡದಲ್ಲಿ ಟಿಬೆಟನ್ ಬೌದ್ಧರ ನೆರೆಯಲ್ಲಿ, ಎಲ್ಲ ಕಡೆ ಹಿಂದೂ ಮುಸ್ಲಿಂ ಬಂಧುಗಳ ನಡುವೆ ನಾವು ಹಾಗೆ ಬಾಳುತ್ತಲೇ ಇದ್ದೇವೆ. ಅದಕ್ಕೆ ಗುಟ್ಟಿನ ಪ್ರಮಾಣ ಬೇಕಾಗಿಲ್ಲ.

ಧರ್ಮಕೇಂದ್ರದ ಕಾರ್ಯಕರ್ತರಿಗೆ ಕೆಲವು ಸೂಚನೆಗಳು

ಯಾರನ್ನೂ ಗುಮಾನಿಯ ಮೇಲೆ ಫ್ರೀಮೇಸನ್ ಎಂದು ಕರೆಯಬೇಡಿ. ಅದು ಸುಳ್ಳು ಸಾಕ್ಷ್ಯದ ಪಾಪವಾಗುತ್ತದೆ. ಚಿಹ್ನೆ, ಉಂಗುರ, ಕೈಕುಲುಕುವ ರೀತಿ ನೋಡಿ ತೀರ್ಪು ಕೊಡುವ ಸಂದೇಶಗಳನ್ನು ಮುಂದಕ್ಕೆ ಕಳಿಸಬೇಡಿ.

ರೋಟರಿ, ಲಯನ್ಸ್ ಮುಂತಾದ ಸೇವಾ ಸಂಸ್ಥೆಗಳು ಫ್ರೀಮೇಸನ್ ಸಂಘಗಳಲ್ಲ. ಕಣ್ಣಿನ ಶಿಬಿರ, ರಕ್ತದಾನ ಶಿಬಿರಕ್ಕೆ ಅವರೊಡನೆ ಕೈಜೋಡಿಸಿದವರನ್ನು ದೂಷಿಸುವುದು ಅಜ್ಞಾನ.

ಯಾವುದೇ ಸಂಘದಿಂದ ಆಹ್ವಾನ ಬಂದರೆ ಮೂರು ಪ್ರಶ್ನೆ ಕೇಳಿ. ಇಲ್ಲಿ ಏನು ನಡೆಯುತ್ತದೆಂದು ನನ್ನ ಹೆಂಡತಿ ಮಕ್ಕಳಿಗೆ, ಗುರುಗಳಿಗೆ ಹೇಳಬಹುದೇ? ದೇವರ ಹೆಸರಿನಲ್ಲಿ ನಾನು ಕೊಡುವ ಮಾತಿನ ಪೂರ್ತಿ ವಿವರ ಮೊದಲೇ ಸಿಗುತ್ತದೆಯೇ? ನನ್ನ ವಿಶ್ವಾಸವನ್ನು ಬಾಗಿಲ ಹೊರಗೆ ಇಟ್ಟು ಬರಬೇಕೇ? ಮೊದಲ ಎರಡಕ್ಕೆ ಇಲ್ಲ ಎಂದಾಗಲಿ, ಮೂರನೆಯದಕ್ಕೆ ಹೌದು ಎಂದಾಗಲಿ ಉತ್ತರ ಬಂದರೆ ದೂರವಿರುವುದೇ ಲೇಸು.

ಈಗಾಗಲೇ ಸೇರಿದವರಿದ್ದರೆ ಅವರನ್ನು ಎಲ್ಲರೆದುರು ಅವಮಾನಿಸಬೇಡಿ. ಬಿಡುವ ದೃಢ ನಿರ್ಧಾರ ಮಾಡಿ ಗುರುಗಳ ಬಳಿ ಬಂದು ಪಾಪನಿವೇದನೆ ಮಾಡಿದವರಿಗೆ ಧರ್ಮಸಭೆಯ ಬಾಗಿಲು ತೆರೆದಿದೆ. ಮಹಾಧರ್ಮಾಧ್ಯಕ್ಷ ಟ್ರಾಯ್ ಅವರು ಓಕಾನೆಲ್ ಅವರನ್ನು ಬಹಿರಂಗ ಹೇಳಿಕೆಗೆ ಒತ್ತಾಯಿಸಲಿಲ್ಲ ಎಂಬುದನ್ನು ನೆನಪಿಡಿ.

ಸೇವೆ ಮಾಡುವ ಹಂಬಲವಿರುವ ವಿದ್ಯಾವಂತರಿಗೆ ನಮ್ಮಲ್ಲೇ ಸ್ಥಾನ ಕೊಡಿ. 1833ರಲ್ಲಿ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯನ್ನು ಆರಂಭಿಸಿದವರಲ್ಲಿ ಪ್ರಮುಖರಾದ ಪುನೀತ ಫ್ರೆಡರಿಕ್ ಓಜನಾಮ್ ಆಗ ಇಪ್ಪತ್ತರ ಹರೆಯದ ಕಾನೂನು ವಿದ್ಯಾರ್ಥಿ. ಧರ್ಮಕೇಂದ್ರದಲ್ಲಿ ವಕೀಲರಿಗೆ ಮಾಡಲು ಕೆಲಸವೇ ಇಲ್ಲದಿದ್ದರೆ, ಅವರು ಬೇರೆ ಕಡೆ ಹುಡುಕಿಕೊಂಡು ಹೋಗುತ್ತಾರೆ. ಅರಣ್ಯ ಹಕ್ಕಿನ ಅರ್ಜಿ, ಜಾತಿ ಪ್ರಮಾಣಪತ್ರ, ವಿಧವಾ ವೇತನ, ಕೂಲಿಯ ತಕರಾರು ಹೀಗೆ ಕಾನೂನು ತಿಳಿದವರ ಒಂದು ಗಂಟೆಗಾಗಿ ಕಾಯುವ ಕುಟುಂಬಗಳು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟಿವೆ.

ಓಕಾನೆಲ್ ಅವರ ಕೊನೆಯ ದಿನಗಳಲ್ಲಿ ಐರ್ಲೆಂಡಿನಲ್ಲಿ ಘೋರ ಬರ. 1847ರ ಫೆಬ್ರವರಿಯಲ್ಲಿ ಮುದಿ, ರೋಗಿ ವಕೀಲರು ಸಂಸತ್ತಿನಲ್ಲಿ ಎದ್ದು ನಿಂತು, ಕ್ಷೀಣ ದನಿಯಲ್ಲಿ, ಹಸಿದ ತಮ್ಮ ಜನರ ಪರವಾಗಿ ಕೊನೆಯ ವಾದ ಮಂಡಿಸಿದರು. ಬಳಿಕ ರೋಮಿಗೆ ಯಾತ್ರೆ ಹೊರಟರು. ರೋಮ್ ತಲುಪಲಿಲ್ಲ. ಮೇ 15ರಂದು ಇಟಲಿಯ ಜಿನೋವಾದಲ್ಲಿ ಪ್ರಾಣ ಬಿಟ್ಟರು. ಅವರ ಇಚ್ಛೆಯಂತೆ ಹೃದಯವನ್ನು ರೋಮಿಗೆ ಒಯ್ದರು, ದೇಹವನ್ನು ಐರ್ಲೆಂಡಿಗೆ ತಂದರು. ಡಬ್ಲಿನ್ನಿನ ಗ್ಲಾಸ್ನೆವಿನ್‌ನಲ್ಲಿ, ಎಲ್ಲ ಪಂಥದವರಿಗೂ ಎಡೆ ಇರಲೆಂದು ಅವರೇ ಶ್ರಮಿಸಿ 1832ರಲ್ಲಿ ತೆರೆಸಿದ್ದ ಸ್ಮಶಾನದಲ್ಲಿ, ಅವರ ಸಮಾಧಿ ಇದೆ.

ಲಾಡ್ಜಿನ ಮುಖ್ಯಸ್ಥರಾಗಿದ್ದವರು ಎಂದು ಇಂದು ಓಕಾನೆಲ್ ಅವರನ್ನು ಯಾರೂ ನೆನೆಯುವುದಿಲ್ಲ. ತಮ್ಮ ಜನರಿಗೆ ಕೊಟ್ಟ ಮಾತು ಉಳಿಸಿಕೊಂಡವರು ಎಂದು ನೆನೆಯುತ್ತಾರೆ. ನಾವು ಸಹ ದೇವರ ಹೆಸರಿನಲ್ಲಿ ಮಾತು ಕೊಟ್ಟವರೇ: ದೀಕ್ಷಾಸ್ನಾನದ ದಿನ, ದೃಢೀಕರಣದ ದಿನ, ಮದುವೆಯ ದಿನ, ಎಲ್ಲರ ಕಣ್ಣೆದುರಿನಲ್ಲಿ. ಮೊದಲು ಆ ಮಾತುಗಳನ್ನು ಉಳಿಸಿಕೊಳ್ಳೋಣ.